ಬ್ರೂಟಸ್ ಹೊರಟುಹೋದ ಮೇಲೆ

ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕದಲ್ಲಿ ಸೀಸರನ ಕೊಲೆಯ ಬಳಿಕ ನಡೆಯುವ ಎರಡು ಭಾಷಣಗಳನ್ನು ವಿವೇಕಕ್ಕೂ ಭಾವೋದ್ರೇಕಕ್ಕೂ ನಡೆದ ಸ್ಪರ್ಧೆಯೆಂದು ಓದುವುದು ವಾಡಿಕೆ. ಬ್ರೂಟಸನದು ಗದ್ಯ, ಆಂಟನಿಯದು ಪದ್ಯ. ಆದ್ದರಿಂದ ಅವನದು ತರ್ಕ, ಇವನದು ಮರುಳುಮಾತು. ಈ ಓದಿನಲ್ಲಿ ನಮ್ಮಂಥ ಪ್ರಗತಿಪರರಿಗೆ ಒಂದು ಸಮಾಧಾನವೂ ಇದೆ: ಸೋತವನು ನಮ್ಮವನು, ಸೋಲಿಗೆ ಕಾರಣ ಜನರ ಅವಿವೇಕ.

ನಾಟಕವನ್ನು ಮತ್ತೆ ತೆರೆದು ನೋಡಿದರೆ ಈ ಸಮಾಧಾನ ಉಳಿಯುವುದಿಲ್ಲ. ಬ್ರೂಟಸನ ಮಾತಿನಲ್ಲಿ ಸಾಕ್ಷ್ಯವೇ ಇಲ್ಲ. ಸೀಸರನಿಗೆ ಅಧಿಕಾರದ ದುರಾಸೆಯಿತ್ತು ಎನ್ನುತ್ತಾನೆ. ಅದಕ್ಕೆ ಆಧಾರವಾಗಿ ಮುಂದಿಡುವುದು ತನ್ನ ಮರ್ಯಾದೆಯನ್ನಷ್ಟೇ. ಬಳಿಕ ಒಂದೇ ಉತ್ತರಕ್ಕೆ ಎಡೆಯಿರುವ ಪ್ರಶ್ನೆಗಳನ್ನು ಹಾಕುತ್ತಾನೆ. ತನ್ನನ್ನು ಒಪ್ಪದವನು ದೇಶವನ್ನು ಪ್ರೀತಿಸದವನೇ ಆಗಬೇಕು, ಹಾಗಿದೆ ಆ ಪ್ರಶ್ನೆಗಳ ಕಟ್ಟು. ಇಂದು ಈ ವರಸೆಯನ್ನು ಯಾರು ಬಳಸುತ್ತಿದ್ದಾರೆಂದು ಓದುಗರಿಗೆ ಹೇಳಬೇಕಿಲ್ಲ. ಜನ ಜಯಕಾರ ಹಾಕುತ್ತಾರೆ, ನಿಜ. ಆದರೆ ಅವರ ನಡುವಿನಿಂದ ಏಳುವ ಕೂಗು ಬ್ರೂಟಸನನ್ನೇ ಸೀಸರನನ್ನಾಗಿ ಮಾಡಬೇಕೆಂಬುದು! ಗಣರಾಜ್ಯದ ಪರವಾಗಿ ಆಡಿದ ಮಾತು ಇನ್ನೊಬ್ಬ ಒಡೆಯನಿಗಾಗಿ ಬೇಡಿಕೆಯಾಗಿ ಹಿಂದಿರುಗಿತು.

ಆಂಟನಿ ಜನ ಕಂಡದ್ದರಿಂದಲೇ ಆರಂಭಿಸುತ್ತಾನೆ. ಸೆರೆಯಾಳುಗಳ ಬಿಡುಗಡೆಯ ಹಣ ಬೊಕ್ಕಸಕ್ಕೆ ಸೇರಿದ್ದು, ಬಡವರ ಅಳುವಿಗೆ ಸೀಸರ್ ಅತ್ತದ್ದು, ಕಿರೀಟವನ್ನು ಮೂರು ಸಲ ನಿರಾಕರಿಸಿದ್ದು. ಬ್ರೂಟಸ್ ಅಡವಿಟ್ಟ ‘ಮರ್ಯಾದೆ’ ಎಂಬ ಪದವನ್ನೇ ಎತ್ತಿಕೊಂಡು, ಅದು ಬೈಗುಳವಾಗುವವರೆಗೆ ಮತ್ತೆ ಮತ್ತೆ ಉಚ್ಚರಿಸುತ್ತಾನೆ. ಉಯಿಲನ್ನು ತೋರಿಸಿ, ಓದಲಾರೆನೆಂದು ಹಿಂದೆಗೆದು, ಜನರೇ ಹಟ ಹಿಡಿಯುವಂತೆ ಮಾಡುತ್ತಾನೆ. ಮೇಲುವಸ್ತ್ರದ ಒಂದೊಂದು ಸೀಳನ್ನೂ ತೋರಿಸಿ ಇದು ಇಂಥವನ ಕಠಾರಿಯದು ಎನ್ನುತ್ತಾನೆ. ಕೊಲೆ ನಡೆದಾಗ ಅವನು ಅಲ್ಲಿರಲೇ ಇಲ್ಲ. ಪ್ರತಿಯೊಬ್ಬನಿಗೂ 75 ದ್ರಾಕ್ಮ ಎಂದು ಓದಿಹೇಳಿದ ಅದೇ ಉಯಿಲನ್ನು ನಾಲ್ಕನೆಯ ಅಂಕದ ಮೊದಲಲ್ಲೇ ತರಿಸಿಕೊಳ್ಳುತ್ತಾನೆ, ಕೊಡಬೇಕಾದದ್ದರಲ್ಲಿ ಎಷ್ಟು ಕಡಿತ ಮಾಡಬಹುದೆಂದು ನೋಡಲು.

ಆದರೂ ನಮ್ಮನ್ನು ಕಾಡಬೇಕಾದವನು ಆಂಟನಿಯಲ್ಲ. ಎದುರಾಳಿಯ ಮಾತು ಮುಗಿಯುವವರೆಗೂ ಇರಿ ಎಂದು ಜನರನ್ನು ಕೇಳಿಕೊಂಡು ಬ್ರೂಟಸ್ ತಾನೊಬ್ಬನೇ ಹೊರಟುಹೋಗುತ್ತಾನೆ. ಊರಿನ ಚುನಾವಣೆಯ ಹೊತ್ತಿಗೆ ನಾವು ಇಲ್ಲಿಂದ ಕಳಿಸುವ ಹೇಳಿಕೆಗಳು ಅವನ ಭಾಷಣದ ಜಾತಿಯವೇ. ಸಾಕ್ಷ್ಯದ ಜಾಗದಲ್ಲಿ ನಮ್ಮ ಸಹಿ, ಪದವಿ, ವಿಶ್ವವಿದ್ಯಾಲಯಗಳ ಹೆಸರು. (ಈ ಲೇಖಕನ ಹೆಸರಿನ ಹಿಂದೆಯೂ ಒಂದು ‘ಡಾ.’ ಇದೆ.) ಮರುದಿನ ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ಅದಕ್ಕೆ ಎದುರುಮಾತು ಹುಟ್ಟುವಾಗ ನಾವು ಅಲ್ಲಿರುವುದಿಲ್ಲ. ಅದನ್ನು ಕೇಳಿಸಿಕೊಳ್ಳಬಹುದಾಗಿದ್ದ ಒಂದೇ ಜಾಗ ಬಂಧುಗಳ ವಾಟ್ಸಾಪ್ ಗುಂಪು. ಅದರಿಂದಲೂ ನಮ್ಮಲ್ಲಿ ಅನೇಕರು ಬೇಸತ್ತು ಹೊರಬಂದಾಗಿದೆ.

ಭಾಷಣಗಳ ನಂತರದ ಪುಟ್ಟ ದೃಶ್ಯದಲ್ಲಿ ಸಿನ್ನ ಎಂಬ ಕವಿ ಬೀದಿಯಲ್ಲಿ ಗುಂಪಿನ ಕೈಗೆ ಸಿಗುತ್ತಾನೆ. ಪಿತೂರಿಗಾರನೊಬ್ಬನಿಗೂ ಅದೇ ಹೆಸರು. ಆ ಸಿನ್ನ ನಾನಲ್ಲವೆಂದು ಅವನು ಗೋಗರೆದರೂ ಅವರು ಬಿಡುವುದಿಲ್ಲ. 1937ರಲ್ಲಿ ಆರ್ಸನ್ ವೆಲ್ಸ್ ನ್ಯೂಯಾರ್ಕಿನಲ್ಲಿ ಫ್ಯಾಸಿಸ್ಟ್ ಉಡುಪಿನ ಸೀಸರನನ್ನು ರಂಗಕ್ಕೆ ತಂದಾಗ ಪ್ರೇಕ್ಷಕರನ್ನು ಬೆಚ್ಚಿಬೀಳಿಸಿದ ದೃಶ್ಯಗಳಲ್ಲಿ ಇದೂ ಒಂದು. ಸಿನ್ನ ಗುಂಪಿನ ಕೈಗೆ ಸಿಕ್ಕ ಹೊತ್ತಿಗೆ ಬ್ರೂಟಸನ ಕುದುರೆ ರೋಮಿನ ಹೆಬ್ಬಾಗಿಲು ದಾಟಿಯಾಗಿತ್ತು.