ಲೆಕ್ಕಕ್ಕೆ ಸಿಕ್ಕ ಚಾರ್ಲ್ಸ್‌ಟನ್

ಬೇಸ್‌ಬಾಲ್ ಆಟಗಾರ ಆಸ್ಕರ್ ಚಾರ್ಲ್ಸ್‌ಟನ್ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. 1896ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಈ ಔಟ್‌ಫೀಲ್ಡರ್ 1930ರ ದಶಕದಲ್ಲಿ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡದಲ್ಲಿ ಆಡುತ್ತಲೇ ಮ್ಯಾನೇಜರ್ ಕೂಡ ಆಗಿದ್ದರು. ಆದರೆ ಹೆಚ್ಚಾಗಿ ಆಡಿದ್ದು ಕಪ್ಪುವರ್ಣೀಯರಿಗೆಂದೇ ಇದ್ದ ನೀಗ್ರೊ ಲೀಗ್‌ಗಳಲ್ಲಿ. 1947ರಲ್ಲಿ ಜಾಕಿ ರಾಬಿನ್ಸನ್‌ಗೆ ಮೇಜರ್ ಲೀಗ್ ಬಾಗಿಲು ತೆರೆದಾಗ ಚಾರ್ಲ್ಸ್‌ಟನ್‌ಗೆ ಐವತ್ತು ವರ್ಷ. 1954ರಲ್ಲಿ ತೀರಿಕೊಂಡರು.

1920ರಿಂದ 1948ರವರೆಗಿನ ನೀಗ್ರೊ ಲೀಗ್‌ಗಳಿಗೆ ಮೇಜರ್ ಲೀಗ್ ಮಾನ್ಯತೆ ಸಿಕ್ಕಿದ್ದು 2020ರಲ್ಲಿ. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಅಂಕಿಅಂಶ ಅಧಿಕೃತ ದಾಖಲೆ ಸೇರಿತು. 0.363 ಬ್ಯಾಟಿಂಗ್ ಸರಾಸರಿಯ ಚಾರ್ಲ್ಸ್‌ಟನ್ ಸಾರ್ವಕಾಲಿಕ ಪಟ್ಟಿಯಲ್ಲಿ ಮೂರನೆಯವರಾದರು.

ಇದನ್ನು ಔದಾರ್ಯ ಎನ್ನಲು ನನಗೆ ಮನಸ್ಸಿಲ್ಲ. ಹಳೆಯ ಪತ್ರಿಕೆಗಳ ಸ್ಕೋರ್ ಪಟ್ಟಿಗಳನ್ನು ಸಂಶೋಧಕರು ವರ್ಷಗಟ್ಟಲೆ ಹೆಕ್ಕಿ ಕಟ್ಟಿದ ಲೆಕ್ಕವಿದು. ರನ್ನುಗಳು ಆಗಲೂ ಇದ್ದವು, ಅವನ್ನು ಎಣಿಸುವ ಮನಸ್ಸಿರಲಿಲ್ಲ ಅಷ್ಟೆ.

ಎಂಜಿನಿಯರಿಂಗ್ ಓದುವ ನಾವು ಡೇಟಾವನ್ನು ಕಣ್ಣುಮುಚ್ಚಿ ನಂಬುತ್ತೇವೆ. ಯಾವ ಡೇಟಾ ಸೇರಬೇಕು, ಯಾವುದು ಬೇಡ ಎಂದು ನಿರ್ಧರಿಸುವವರು ಮಾತ್ರ ಮನುಷ್ಯರೇ. ನಾಳೆ ಉದ್ಯೋಗದ ಅರ್ಜಿಗಳನ್ನು ಸೋಸುವ ಸಾಫ್ಟ್‌ವೇರ್ ಬರೆಯುವವರು ನಾವೇ ಆಗಬಹುದು. ಪಟ್ಟಿಯಲ್ಲಿ ಮೊದಲಿಗರು ಯಾರೆಂದು ನೋಡುವ ಮುನ್ನ, ಪಟ್ಟಿಗೇ ಬಾರದವರು ಯಾರೆಂದು ಕೇಳೋಣ.