ಅಕ್ಕಿ ಡಬ್ಬಿಯ ಮೂತಿ ಪತಂಗ

ಬಹಳ ದಿನ ಮುಚ್ಚಿಟ್ಟ ಅಕ್ಕಿ ಅಥವಾ ರವೆಯ ಡಬ್ಬಿ ತೆರೆದಾಗ ಕಾಳುಗಳು ನೂಲಿನಂಥ ಬಲೆಯಲ್ಲಿ ಅಂಟಿಕೊಂಡು ಗಂಟುಗಟ್ಟಿರುವುದನ್ನು ನೀವು ನೋಡಿರಬಹುದು. ಜೊತೆಗೆ ಬೂದು ಬಣ್ಣದ ಪುಟ್ಟ ಪತಂಗವೊಂದು ಹಾರಿ ಗೋಡೆಯ ಮೇಲೆ ಕೂರುತ್ತದೆ. ಇದೇ ಅಕ್ಕಿ ಪತಂಗ. ವಿಜ್ಞಾನದಲ್ಲಿ ಇದರ ಹೆಸರು ಕಾರ್ಸೈರಾ ಸೆಫಲೋನಿಕಾ.

ಇದು ಮೂತಿ ಪತಂಗಗಳ ಕುಟುಂಬಕ್ಕೆ ಸೇರಿದ್ದು. ತಲೆಯ ಮುಂದೆ ಚಾಚಿದ ಆ 'ಮೂತಿ' ತಿನ್ನುವ ಬಾಯಲ್ಲ; ಬಾಯಿಯ ಪಕ್ಕದಲ್ಲಿರುವ ಒಂದು ಜೊತೆ ಅವಯವ. ಹೆಣ್ಣಿನಲ್ಲಿ ಅದು ಉದ್ದ ಮತ್ತು ಚೂಪು, ಗಂಡಿನಲ್ಲಿ ಗಿಡ್ಡ. ಪತಂಗ ಕಾಳನ್ನು ತಿನ್ನುವುದಿಲ್ಲ. ಅಕ್ಕಿಯನ್ನು ಹಾಳುಮಾಡುವುದು ಅದರ ಮರಿಹುಳು. ಬೆಚ್ಚಗಿನ ಜಾಗದಲ್ಲಿ ಮೊಟ್ಟೆ ಪತಂಗವಾಗಲು ಸುಮಾರು 40ರಿಂದ 50 ದಿನ ಬೇಕು.

ನಾವು ಗುಡಿಸಿ ಎಸೆಯುವ ಈ ಪತಂಗವನ್ನು ಲಕ್ಷಗಟ್ಟಲೆ ಸಾಕುವವರೂ ಇದ್ದಾರೆಂದರೆ ನಂಬುವಿರಾ? ಏಕೆ ಸಾಕುತ್ತಾರೆ, ನೋಡೋಣ.

ಕಬ್ಬಿನ ಎಳೆಯ ಸುಳಿಯನ್ನು ಕೊರೆಯುವ ಹುಳು ಕೂಡ ಅಕ್ಕಿ ಪತಂಗದ ಹತ್ತಿರದ ನೆಂಟನೇ. ಅದು ಒಮ್ಮೆ ಕಾಂಡದೊಳಗೆ ಹೊಕ್ಕರೆ ಮೇಲೆ ಸಿಂಪಡಿಸಿದ ಔಷಧಿ ಸರಿಯಾಗಿ ತಲುಪದು; ಸುಳಿ ಒಣಗುತ್ತದೆ. ಆದ್ದರಿಂದ ಅದನ್ನು ಮೊಟ್ಟೆಯಲ್ಲೇ ತಡೆಯಬೇಕು. ಆ ಕೆಲಸ ಮಾಡುವುದು ಟ್ರೈಕೋಗ್ರಾಮ ಎಂಬ, ಸುಮಾರು ಅರ್ಧ ಮಿಲಿಮೀಟರಿನ ಕಣಜ. ಅದು ಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗಿನಿಂದಲೇ ಅದನ್ನು ತಿಂದು ಮುಗಿಸುತ್ತದೆ.

ಈ ಕಣಜವನ್ನು ಬೆಳೆಸಲು ಸುಲಭವಾಗಿ ದೊರೆಯುವ ಮೊಟ್ಟೆ ಬೇಕು. ಅದಕ್ಕಾಗಿ ಅಕ್ಕಿ ಪತಂಗವನ್ನು ಜೋಳದ ನುಚ್ಚಿನಲ್ಲಿ ಸಾಕುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಲ್ಲೂ ಈ ಕೆಲಸ ನಡೆಯುತ್ತದೆ. ಮೊಟ್ಟೆಗಳನ್ನು ರಟ್ಟಿನ ಕಾರ್ಡಿಗೆ ಅಂಟಿಸಿ, ಹುಳು ಹೊರಬರದಂತೆ ಅತಿನೇರಳೆ ಕಿರಣಕ್ಕೆ ಒಡ್ಡಿ, ಕಣಜಗಳಿಗೆ ಕೊಡುತ್ತಾರೆ. ಮೂರು-ನಾಲ್ಕು ದಿನಗಳಲ್ಲಿ ಮೊಟ್ಟೆಗಳು ಕಪ್ಪಾದರೆ ಕಾರ್ಡು ಸಿದ್ಧ. ಒಂದು ಕಾರ್ಡಿನಲ್ಲಿ ಸುಮಾರು 20 ಸಾವಿರ ಮೊಟ್ಟೆಗಳಿರುತ್ತವೆ. ರೈತರು ಅದನ್ನು ಕತ್ತರಿಸಿ ಕಬ್ಬಿನ ಎಲೆಯ ಅಡಿಗೆ ಸಿಕ್ಕಿಸುತ್ತಾರೆ. ಆ ದಿನಗಳಲ್ಲಿ ಕೀಟನಾಶಕ ಸಿಂಪಡಿಸಿದರೆ ಮೊದಲು ಸಾಯುವುದು ಈ ಕಣಜವೇ!

ಈ ಕೆಲಸಕ್ಕೂ ಒಂದು ಕಷ್ಟವಿದೆ. ಪತಂಗದ ರೆಕ್ಕೆಯ ಹುಡಿ ಸಾಕುವವರ ಮೂಗು, ಶ್ವಾಸಕೋಶ ಸೇರಿ ಅಲರ್ಜಿ ತರುತ್ತದೆ. ಅವರು ಮೂಗು-ಬಾಯಿಗೆ ಮುಸುಕು ಧರಿಸಲೇಬೇಕು.

ಪೋಷಕರೇ, ಹುಳು ಬಿದ್ದಿತೆಂದು ತಿನ್ನುವ ಅಕ್ಕಿಗೆ ಕೀಟನಾಶಕ ಬೆರೆಸಬೇಡಿ. ಜರಡಿ ಹಿಡಿದು, ಬಿಸಿಲಿಗೆ ಹರಡಿ, ತಣಿದ ಮೇಲೆ ಒಣ ಡಬ್ಬಿಗೆ ತುಂಬಿ. ವಿದ್ಯಾರ್ಥಿಗಳೇ, ಗಂಟುಗಟ್ಟಿದ ಒಂದು ಹಿಡಿ ಅಕ್ಕಿಯನ್ನು ಗಾಜಿನ ಜಾಡಿಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ. ಹುಳು ಎಂದು ಗೂಡು ಕಟ್ಟಿತು, ಪತಂಗ ಎಂದು ಹೊರಬಂತು ಎಂದು ತಾರೀಖಿನೊಂದಿಗೆ ಬರೆದಿಡಿ. ಭೂತಗನ್ನಡಿ ಹಿಡಿದು ಮೂತಿ ನೋಡಿ: ಅದು ಗಂಡೋ, ಹೆಣ್ಣೋ?