ನಿಮ್ಮ ಕೂಸಿನ ಹೇಲು, ನಮ್ಮವ್ವನ ಕೈ

ಬಂಧುಗಳೇ, ಬಟ್ಟೆ ಡೈಪರ್ ಬಗ್ಗೆ ಬರೀತಿದೀನಿ. ನಗಬೇಡಿ. "ಒಳಮೀಸಲಾತಿ, ಭೂಮಿ, ದೌರ್ಜನ್ಯ ಎಲ್ಲಾ ಬಿಟ್ಟು ಇವಳು ಕೂಸಿನ ಕುಂಡಿ ಬಟ್ಟೆ ಹಿಡ್ಕೊಂಡು ಕೂತಳಲ್ಲ" ಅನ್ನೋ ಅಣ್ಣಂದಿರು ಪೂರ್ತಿ ಓದಿ, ಆಮೇಲೆ ಬೈಯಿರಿ.

ಬಳಸಿ ಎಸೆಯೋ ಡೈಪರ್ ಅಂದ್ರೆ ಹೊರಗೆ ಪ್ಲಾಸ್ಟಿಕ್ ಪದರ, ಒಳಗೆ ಮರದ ತಿರುಳು, ಅದರ ನಡುವೆ ಉಚ್ಚೆ ಹೀರಿ ಲೋಳೆಯಾಗೋ ರಾಸಾಯನಿಕದ ಪುಡಿ. ಅದು ಗೊಬ್ಬರ ಆಗಲ್ಲ, ಗುಜರಿಯವರೂ ಕೊಳ್ಳಲ್ಲ. ಅಪ್ಪ-ಅಮ್ಮ ಹೇಲಿನ ಸಮೇತ ಅದನ್ನ ಉಂಡೆ ಮಾಡಿ ಬುಟ್ಟಿಗೆ ಎಸೆದು ಕೈ ತೊಳ್ಕೋತಾರೆ. ಅವರ ಲೆಕ್ಕದಲ್ಲಿ ಅಲ್ಲಿಗೆ ಮುಗೀತು. ನಮ್ಮವರ ಲೆಕ್ಕ ಅಲ್ಲಿಂದ ಶುರು.

ನಮ್ಮವ್ವ ಹದಿನೆಂಟು ವರ್ಷ ಬೆಂಗಳೂರಲ್ಲಿ ಗುತ್ತಿಗೆ ಮೇಲೆ ಕಸ ಎತ್ತಿದೋಳು. ಬುಟ್ಟಿಯ ಭಾರದಲ್ಲೇ ಯಾವ ಮನೇಲಿ ಕೂಸಿದೆ ಅಂತ ಹೇಳಿಬಿಡ್ತಿದ್ಲು. ರಾತ್ರಿಯೆಲ್ಲಾ ಉಚ್ಚೆ ಕುಡಿದ ಡೈಪರ್ ಅಷ್ಟು ತೂಕ ಬರುತ್ತೆ. ಅನ್ನ, ಸಾರು, ತರಕಾರಿ ಸಿಪ್ಪೆ ಜೊತೆ ಅದನ್ನೂ ಸುರಿದಿರ್ತಾರೆ. ಹಸಿಕಸದಲ್ಲಿ ಪ್ಲಾಸ್ಟಿಕ್ ಕಂಡ್ರೆ ಮೇಸ್ತ್ರಿ ಬೈಗುಳ. ಹಂಗಾಗಿ ಆಟೋ ಹತ್ರ ನಿಂತು ಒಂದೊಂದೇ ಹೆಕ್ಕಬೇಕು. ಬಿಗಿಯಾಗಿ ಸುತ್ತಿರದಿದ್ರೆ ಬಿಚ್ಕೊಳ್ಳುತ್ತೆ. ಆಮೇಲೆ ಏನಾಗುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾ? ಕೈಗವಸು ಕೊಟ್ಟ ವರ್ಷ ಇತ್ತು, ಕೊಡದ ವರ್ಷಗಳು ಜಾಸ್ತಿ. ಮಧ್ಯಾಹ್ನ ಮನೆಗೆ ಬಂದು ಬೂದಿ ಹಾಕಿ ಕೈ ಉಜ್ಜಿ ಉಜ್ಜಿ, ಆದ್ರೂ ಊಟ ಮಾತ್ರ ಚಮಚದಲ್ಲಿ. ನಮ್ಮ ಹಟ್ಟೀಲಿ ಚಮಚದಲ್ಲಿ ಮುದ್ದೆ ತಿಂತಿದ್ದ ಒಬ್ಬಳೇ ಹೆಂಗಸು ನಮ್ಮವ್ವ.

ಈಗ ಹೇಳಿ, ಇದು ಮಲ ಎತ್ತೋ ಕೆಲಸ ಹೌದೋ ಅಲ್ವೋ?

1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋ ಪದ್ಧತಿಯನ್ನ ನಿಷೇಧಿಸಿದ್ರು. ದೇಶಕ್ಕೆ ಆ ಬುದ್ಧಿ ಬರೋಕೆ 1993 ಆಯ್ತು, ಅದೂ ಸಾಲದೆ 2013ರಲ್ಲಿ ಇನ್ನೊಂದು ಕಾನೂನು. ಒಣ ಪಾಯಿಖಾನೆ, ತೆರೆದ ಚರಂಡಿ, ಗುಂಡಿ, ರೈಲು ಹಳಿ ಎಲ್ಲಾ ಅದರಲ್ಲಿ ಬರುತ್ತೆ. ಡೈಪರ್ ಅನ್ನೋ ಪದ ಮಾತ್ರ ಇಲ್ಲ. ಹೇಲು ಅದೇ, ಮುಟ್ಟೋ ಕೈ ಅದೇ ಕೇರಿದು, ನಡುವೆ ಒಂದು ಪ್ಲಾಸ್ಟಿಕ್ ಪದರ ಬಂತು ಅಷ್ಟೇ. ಅಷ್ಟಕ್ಕೇ ಅದು 'ಘನತ್ಯಾಜ್ಯ ನಿರ್ವಹಣೆ' ಆಗಿಹೋಯ್ತು.

2016ರ ಘನತ್ಯಾಜ್ಯ ನಿಯಮಗಳು ಏನು ಹೇಳಿದ್ವು ಗೊತ್ತಾ? ಡೈಪರನ್ನ ಚೆನ್ನಾಗಿ ಸುತ್ತಿ *ಒಣಕಸದ* ಬುಟ್ಟಿಗೆ ಹಾಕಿ ಅಂತ. ಒಣಕಸವನ್ನ ಕೈಯಲ್ಲಿ ವಿಂಗಡಿಸೋರು ಯಾರು ಅಂತ ಬರೆದವರಿಗೆ ಗೊತ್ತಿರ್ಲಿಲ್ವಾ? ಬೆಂಗಳೂರಲ್ಲಿ ಅದಕ್ಕೆ ಮೊದಲೇ, 2015ರ ಹೈಕೋರ್ಟ್ ಆದೇಶದಿಂದ, ಎರಡು ಬುಟ್ಟಿ ಒಂದು ಚೀಲ ಬಂದು ಇಂಥದ್ದಕ್ಕೆ ಬೇರೆ ಕೆಂಪು ಬುಟ್ಟಿ ಆಯ್ತು. ಎಷ್ಟು ಮನೇಲಿ ಇದೆ ಅಂತ ನಿಮ್ಮ ಬೀದೀಲೇ ನೋಡಿ. ಅದೇ 2016ರ ನಿಯಮ ಕಂಪನಿಗಳಿಗೂ ಒಂದು ಮಾತು ಹೇಳ್ತು: ಮರುಬಳಕೆ ಆಗೋ ವಸ್ತುವಿಂದ ಮಾಡೋ ದಾರಿ ಹುಡುಕಿ, ಇಲ್ಲಾ ಒಂದೊಂದು ಡೈಪರಿಗೂ ಸುತ್ತಿ ಎಸೆಯೋಕೆ ಒಂದೊಂದು ಚೀಲ ಕೊಡಿ. ನಾನಂತೂ ಅಂಥ ಚೀಲ ಇದ್ದ ಪ್ಯಾಕೆಟ್ ಕಂಡಿಲ್ಲ.

ಗಾಂಧಿಯನ್ನ ಇಲ್ಲಿ ಎಳೀಲೇಬೇಕು, ಕ್ಷಮಿಸಿ. 1936ರಲ್ಲಿ ಅವರು 'ಹರಿಜನ' ಪತ್ರಿಕೇಲಿ ಭಂಗಿಯನ್ನ ತಾಯಿಗೆ ಹೋಲಿಸಿದ್ರು. ತಾಯಿ ಕೂಸಿಗೆ ಏನು ಮಾಡ್ತಾಳೋ ಅದನ್ನೇ ಭಂಗಿ ಸಮಾಜಕ್ಕೆ ಮಾಡ್ತಾನೆ ಅನ್ನೋ ಅರ್ಥದಲ್ಲಿ. ಕೇಳೋಕೆ ಎಷ್ಟು ಚೆಂದ! ಈ ಥರದ ಹೊಗಳಿಕೆ ಎಂಥಾ ಮೋಸ ಅಂತ ಬಾಬಾಸಾಹೇಬರು 1945ರ ತಮ್ಮ ಪುಸ್ತಕದಲ್ಲಿ ಬಯಲು ಮಾಡಿದ್ರು. ತಾಯಿ ತೊಳೆಯೋದು ತನ್ನ ಕೂಸಿನದ್ದು. ಆಮೇಲೆ ಅವಳನ್ನ ಯಾರೂ ಊರಾಚೆ ಇಡಲ್ಲ, ಅವಳ ಲೋಟ ಬೇರೆ ಮಾಡಲ್ಲ. ಇವತ್ತು ಡೈಪರ್ ಬಂದು ಆ ಹೋಲಿಕೆಯನ್ನ ನಿಜ ಮಾಡಿಬಿಡ್ತು ನೋಡಿ. ಹೆತ್ತ ತಾಯಿ ಸುತ್ತಿ ಎಸೀತಾಳೆ, ನಮ್ಮವ್ವ ಬಿಚ್ಚಿ ಎತ್ತುತಾಳೆ. 'ಸಮಾಜದ ತಾಯಿ'ಗೆ ಪಿಎಫ್ ಇಲ್ಲ, ಭಾನುವಾರ ಇಲ್ಲ.

ಇಷ್ಟಾದ ಮೇಲೆ ಹೈಬ್ರಿಡ್ ಡೈಪರ್ ವಿಷಯಕ್ಕೆ ಬರ್ತೀನಿ. ನನ್ನ ಮಗಳಿಗೆ ಒಂದೂವರೆ ವರ್ಷ. ಮನೇಲಿ ಇದನ್ನೇ ಬಳಸ್ತೀವಿ. ಮೇಲೊಂದು ನೀರು ಇಳಿಯದ ಕವರ್, ಸೊಂಟಕ್ಕೆ ಟಿಚ್ ಬಟನ್. ಒಳಗೆ ಹೀರಿಕೊಳ್ಳೋ ಪಟ್ಟಿ, ಅದೇ ಇನ್ಸರ್ಟ್. ಹತ್ತಿ, ಸೆಣಬಿನ ಜಾತಿಯ ಹೆಂಪ್, ಮೈಕ್ರೋಫೈಬರ್ ಎಲ್ಲಾ ಸಿಗುತ್ತೆ. ಬರೀ ಉಚ್ಚೆ ಆದ್ರೆ ಇನ್ಸರ್ಟ್ ಬದಲಾಯಿಸಿ, ಕವರ್ ಒರೆಸಿ ಮತ್ತೆ ಹಾಕಿದ್ರಾಯ್ತು. ಊರಿಗೆ ಹೋಗುವಾಗ ಅದೇ ಕವರಿಗೆ ಎಸೆಯೋ ಪ್ಯಾಡನ್ನೂ ಇಡಬಹುದು, ಅದಕ್ಕೇ ಹೈಬ್ರಿಡ್ ಅಂತ ಹೆಸರು. ಹೊಸ ಹತ್ತಿ ಇನ್ಸರ್ಟ್ ಮೊದಲು ಸರಿಯಾಗಿ ಹೀರಲ್ಲ. ನಾಲ್ಕೈದು ಸಲ ಒಗೆದ್ರೆ ಎಣ್ಣೆ ಅಂಶ ಹೋಗಿ ಹಾದಿಗೆ ಬರುತ್ತೆ. ಬಟ್ಟೆ ಮೆತ್ತಗೆ ಮಾಡೋ ದ್ರವ ಹಾಕ್ಲೇಬೇಡಿ, ಹೀರೋ ಗುಣವೇ ಹೋಗುತ್ತೆ. ಮೈಕ್ರೋಫೈಬರ್ ನೇರ ಕೂಸಿನ ಚರ್ಮಕ್ಕೆ ತಾಗಬಾರದು, ಒಣಗಿಸಿಬಿಡುತ್ತೆ. ಮಳೆಗಾಲದಲ್ಲಿ ದಪ್ಪ ಇನ್ಸರ್ಟ್ ಎರಡು ದಿನಕ್ಕೂ ಒಣಗಲ್ಲ, ಮಡಚೋ ತೆಳು ಹತ್ತಿ ಬಟ್ಟೆಯೇ ವಾಸಿ. ಹಳೇ ಪಂಚೆ ಮಡಚಿ ಇಟ್ರೂ ನಡೆಯುತ್ತೆ, ಇನ್ಸರ್ಟಿಗೇ ದುಡ್ಡು ಸುರೀಬೇಕು ಅಂತೇನಿಲ್ಲ.

ಇದನ್ನ ಮಾರೋರು ಭೂಮಿತಾಯಿ ಉಳಿಸಿ ಅಂತಾರೆ. ಉಳೀಲಿ, ಬೇಡ ಅನ್ನಲ್ಲ. ನನಗೆ ಇದರ ಮುಖ್ಯ ಗುಣ ಬೇರೆ. ಹೇಲು ಯಾವ ಮನೇಲಿ ಹುಟ್ಟಿತೋ ಅದೇ ಮನೆಯ ಕಕ್ಕಸ್ಸಿಗೆ ಹೋಗುತ್ತೆ. ಬೀದಿಗೆ ಬರಲ್ಲ, ಆಟೋ ಹತ್ತಲ್ಲ, ಇನ್ನೊಬ್ಬರ ಉಗುರೊಳಗೆ ಸೇರಲ್ಲ.

ಆದ್ರೆ ತಾಳಿ. ಪರಿಸರ ಪ್ರೇಮಿ ಗೆಳತಿಯೊಬ್ಬಳು "ನಾವು ಪೂರ್ತಿ ಬಟ್ಟೆಗೆ ಬದಲಾದ್ವಿ, ಅಜ್ಜಿ ಕಾಲದ ಜ್ಞಾನ ಕಣೇ" ಅಂತ ಹೆಮ್ಮೆಯಿಂದ ಹೇಳಿದ್ಲು. ಒಗೆಯೋದು ಯಾರು ಅಂದೆ. "ಅಕ್ಕ ಬರ್ತಾರಲ್ಲ." ಆ ಅಕ್ಕ ನಮ್ಮ ಪಕ್ಕದ ಕೇರಿಯೋರು. ಬಚ್ಚಲಲ್ಲಿ ಕೂತು ಆ ಮನೆಯ ಕೂಸಿನ ಹೇಲು ಉಜ್ಜಬಹುದು, ಅದೇ ಬಚ್ಚಲಿಗೆ ಅಂಟಿಕೊಂಡಿರೋ ಕಕ್ಕಸ್ಸಿಗೆ ಅವರು ಹೋಗೋ ಹಾಗಿಲ್ಲ. ತಡ್ಕೊಂಡು ಕೆಳಗೆ ಸೆಕ್ಯುರಿಟಿಯವರ ಶೆಡ್ಡಿಗೆ ಹೋಗ್ಬೇಕು. ಅಜ್ಜಿ ಕಾಲದ ಜ್ಞಾನ ಅಂದ್ರೆ ಇದೇ ತಾನೇ? ಅಜ್ಜಿ ಕಾಲದಲ್ಲಿ ಪುರುಡಿನ ಬಟ್ಟೆ, ಮುಟ್ಟಿನ ಬಟ್ಟೆ ಮಡಿವಾಳರ ಮೂಟೆಗೆ ಹೋಗ್ತಿತ್ತು, ಕೂಲಿ ಬದಲು ತಣ್ಣನೆ ಅನ್ನ ಬರ್ತಿತ್ತು. ಒಗೆದವರು ಯಾರು ಅಂತ ಹೇಳದೆ ಅಜ್ಜಿಯನ್ನ ಹೊಗಳೋರನ್ನ ನಂಬಬೇಡಿ.

ಇನ್ನೊಂದು ಮೋಸ, ಹೇಲು ಹಿಡಿಯೋಕೆ ಇನ್ಸರ್ಟ್ ಮೇಲೆ ಹಾಸೋ ತೆಳು ಹಾಳೆ. ಕಕ್ಕಸ್ಸಿಗೆ ಹಾಕಿ ನೀರು ಬಿಡಬಹುದು ಅಂತ ಅದರ ಮೇಲೆ ಬರೆದು ಮಾರ್ತಾರೆ. ಪೈಪಿನಲ್ಲಿ ಕೂದಲು, ಎಣ್ಣೆ ಜಿಡ್ಡು ಜೊತೆ ಸೇರಿ ಅದು ಮುದ್ದೆ ಕಟ್ಟುತ್ತೆ. ಕಟ್ಟಿದಾಗ ಅಪಾರ್ಟ್‌ಮೆಂಟಿನವರು ಯಾರಿಗೆ ಫೋನ್ ಮಾಡ್ತಾರೆ? ಮ್ಯಾನ್‌ಹೋಲಲ್ಲಿ ಸತ್ತವರಿಗೆ ಕೊಡೋ ಪರಿಹಾರವನ್ನ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಅಂದಿತ್ತು, 2023ರಲ್ಲಿ 30 ಲಕ್ಷ ಮಾಡ್ತು. ಹೆಣದ ರೇಟು ಏರ್ತಾ ಇದೆ, ಇಳಿಯೋದು ನಿಂತಿಲ್ಲ. ಹೇಲು ಕಕ್ಕಸ್ಸಿಗೆ ಉದುರಿಸಿ, ಹಾಳೆಯನ್ನಲ್ಲ.

ಹಂಗಂತ ಎಸೆಯೋ ಡೈಪರ್ ಹಾಕೋ ಎಲ್ಲಾ ತಾಯಂದಿರ ಮೇಲೂ ಕೂಗಾಡೋಕೆ ನಾನು ಬಂದಿಲ್ಲ. ಎರಡು ದಿನಕ್ಕೊಮ್ಮೆ ನಲ್ಲಿ ಬರೋ ವಠಾರದಲ್ಲಿ, ಹತ್ತಡಿ ರೂಮಲ್ಲಿ, ಬೆಳಿಗ್ಗೆ ಎಂಟಕ್ಕೇ ಗಾರ್ಮೆಂಟ್ಸ್ ಬಸ್ಸು ಹಿಡಿಯೋ ಹೆಂಗಸಿಗೆ "ಬಟ್ಟೆ ಒಗೆಯಮ್ಮ, ಬಿಸಿಲಿಗೆ ಹಾಕಮ್ಮ" ಅನ್ನೋಕೆ ಯಾವ ಬಾಯಿದೆ? ಒಂದು ಕವರಿಗೆ ನೂರಾರು ರೂಪಾಯಿ. ಅವಳು ಹತ್ತು ಪೀಸಿನ ಪ್ಯಾಕೆಟ್ ತರೋದು ಶೋಕಿಗಲ್ಲ. ಅವಳಿಗೆ ಹೇಳೋದು ಒಂದೇ: ಹೇಲು ಉದುರಿಸಿ, ಪೇಪರಲ್ಲಿ ಸುತ್ತಿ, ಬೇರೆ ಕೊಡವ್ವ. ಅವಳು ಅಷ್ಟನ್ನ ಈಗಾಗ್ಲೇ ಮಾಡ್ತಿರ್ತಾಳೆ, ಯಾಕಂದ್ರೆ ಕಸದ ಆಟೋ ಮೇಲೆ ನಿಂತಿರೋಳು ಅವಳ ಚಿಕ್ಕಮ್ಮನೋ ಅತ್ತಿಗೆಯೋ ಆಗಿರ್ತಾಳೆ. ನನ್ನ ಜಗಳ ಇರೋದು ವಾಷಿಂಗ್ ಮಷಿನ್, ಬಾಲ್ಕನಿ, ಇಪ್ಪತ್ನಾಲ್ಕು ಗಂಟೆ ನೀರು ಇದ್ದೂ ಉಂಡೆ ಮಾಡಿ ಎಸೆಯೋರ ಜೊತೆ.

ಸರ್ಕಾರದ ಜೊತೆಗೂ ಇದೆ. 2023ರಲ್ಲಿ ಉದ್ಯೋಗ ಖಾತ್ರಿ ಕೂಲಿ ಹೆಂಗಸರ ಮಕ್ಕಳಿಗೆ 'ಕೂಸಿನ ಮನೆ' ಶುರುವಾಯ್ತಲ್ಲ, ಅಲ್ಲಿಗೆ ಕವರು, ಇನ್ಸರ್ಟು, ಒಂದು ಮಷಿನ್ನು ಕೊಡಿ. ಗಾರ್ಮೆಂಟ್ಸ್ ಶಿಶುಪಾಲನಾ ಕೇಂದ್ರಗಳಿಗೆ ಮಾಲೀಕರ ಕೈಲಿ ಕೊಡಿಸಿ. ಡೈಪರ್ ಕಂಪನಿಗಳ ಕೈಲೇ ಅವರ ಕಸ ವಾಪಸ್ ತಗೊಳ್ಳೋ ಖರ್ಚು ಕಟ್ಟಿಸಿ. ಮನೆ ಮನೆ ಕಸ ಎತ್ತೋ ಆಟೋದವರನ್ನ, ಅವರ ಸಹಾಯಕರನ್ನ ಗುತ್ತಿಗೆಯಿಂದ ಬಿಡಿಸಿ.

ಕೊನೇದಾಗಿ ನಮ್ಮ ಚಳವಳಿಯ ಅಣ್ಣಂದಿರಿಗೆ. ವೇದಿಕೆ ಮೇಲೆ ಮಲಹೊರುವ ಪದ್ಧತಿ ಬಗ್ಗೆ ಗುಡುಗೋರ ಪೈಕಿ ಎಷ್ಟು ಜನ ಸ್ವಂತ ಮಗುವಿನ ಬಟ್ಟೆ ತೊಳೆದಿದೀರಿ? ನಮ್ಮನೇಲಿ ಒಗೆಯೋದು ಮಗಳ ಅಪ್ಪ. ರಾತ್ರಿ ಜಾಲಾಡಿ ನೆನೆಸಿಟ್ಟು, ಬೆಳಿಗ್ಗೆ ಮಷಿನ್ನಿಗೆ ಹಾಕಿ ಆಫೀಸಿಗೆ ಹೋಗ್ತಾರೆ, ಒಟ್ಟು ಇಪ್ಪತ್ತು ನಿಮಿಷದ ಕೆಲಸ. ಬರೋ ಭಾನುವಾರದ ಓದಿನ ಸಭೆಗೆ ನಾನು ಎರಡು ಕವರು, ಮೂರು ಥರದ ಇನ್ಸರ್ಟು ತರ್ತೀನಿ, ಹೇಗೆ ಜಾಲಾಡೋದು ಅಂತ ಅವರು ತೋರಿಸ್ತಾರೆ. ಅಪ್ಪಂದಿರು ಬನ್ನಿ. ಅಕ್ಕಂದಿರು ಬಂದ್ರೆ ಟೀ ಕುಡ್ಕೊಂಡು ಕೂತಿರಬಹುದು.

ಜೈಭೀಮ್.